ಮೂರನೇ ಹಾಡಿನ ಬಗ್ಗೆ ನಾನು ಬರೆದ ಕಾಗದ

ಕಡೂರಿನ ಬಸ್ ನಿಲ್ದಾಣದಲ್ಲಿ ನಾನು ಕಂಟ್ರೋಲರ್. ಬಸ್ಸುಗಳು ಬಂದ ಹೊತ್ತು, ಹೊರಟ ಹೊತ್ತು ಬರೆದುಕೊಳ್ಳುವುದು, ಮೈಕಿನಲ್ಲಿ ಊರುಗಳ ಹೆಸರು ಕೂಗುವುದು ನನ್ನ ಕೆಲಸ. ಸಿಂಗಟಗೆರೆ, ದೇವನೂರು, ಅಜ್ಜಂಪುರ, ತರೀಕೆರೆ ಎಂದು ಬೆಳಗಿನಿಂದ ಸಂಜೆಯವರೆಗೆ ಹೇಳುತ್ತಲೇ ಇರುತ್ತೇನೆ. ಇಷ್ಟು ಮಾತಾಡಿದರೂ ಯಾರೊಂದಿಗೂ ಮಾತಾಡಿದಂತಾಗುವುದಿಲ್ಲ. ಕೇಳಿಸಿಕೊಂಡವರು ಚೀಲ ಎತ್ತಿಕೊಂಡು ಬಸ್ಸಿನತ್ತ ಓಡುತ್ತಾರೆ, ಅಷ್ಟೆ.

ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಯಿತು. ಮಕ್ಕಳಿಲ್ಲ. ಅವಳಿಗೆ ನಾಟಕದ ಹುಚ್ಚು ಇರಲಿಲ್ಲ. ನನ್ನ ಒತ್ತಾಯಕ್ಕೆ ಬಂದು, ಮೊದಲ ಹಾಡಿಗೇ ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದಳು. "ಹೆಂಗಿತ್ತು?" ಅಂದರೆ "ನಿಮಗೆ ಚೆನ್ನಾಗಿತ್ತಲ್ಲ, ಬಿಡಿ" ಅನ್ನುತ್ತಿದ್ದಳು. ಬಸ್ಸಿನಲ್ಲಿ ವಾಪಸ್ ಬರುವಾಗ ನಾನು ಇಡೀ ನಾಟಕವನ್ನು ಬಿಡಿಸಿ ಹೇಳುತ್ತಿದ್ದೆ. ಎಲ್ಲಿ ಹಾಡು ಬೇಕಿತ್ತು, ಎಲ್ಲಿ ಸುಮ್ಮನೆ ತುರುಕಿದರು, ಯಾರಿಗೆ ಶ್ರುತಿ ಸಿಗಲಿಲ್ಲ, ಎಲ್ಲವನ್ನೂ. ಅವಳು ಹೂಂಗುಟ್ಟುತ್ತಿದ್ದಳು. ಅವಳು ಹೋದ ಮೇಲೆ ಒಬ್ಬನೇ ಕೂತು ನಾಟಕ ನೋಡುವುದು ಅಭ್ಯಾಸವಾಯಿತು. ಆದರೆ ನೋಡಿದ ಮೇಲೆ ಒಬ್ಬನೇ ಬಸ್ಸಿನಲ್ಲಿ ಬರುವುದು ಇವತ್ತಿಗೂ ಅಭ್ಯಾಸವಾಗಿಲ್ಲ.

ಹೋದ ವರ್ಷ ಒಂದು ನಾಟಕ ಕಂಪನಿ ತರೀಕೆರೆಯಲ್ಲಿ ಕ್ಯಾಂಪ್ ಹಾಕಿತು. ಮೈದಾನದಲ್ಲಿ ತಗಡಿನ ಶೆಡ್ಡು, ಒಳಗೆ ಪ್ಲಾಸ್ಟಿಕ್ ಕುರ್ಚಿ, ದಿನಕ್ಕೆ ಎರಡು ಆಟ. ನನ್ನ ವಾರದ ರಜೆ ಗುರುವಾರ. ಊಟ ಮುಗಿಸಿ ಬಸ್ಸು ಹತ್ತಿದರೆ ಮಧ್ಯಾಹ್ನದ ಆಟಕ್ಕೆ ಸರಿಯಾಗಿ ತಲುಪುತ್ತಿದ್ದೆ. ಮೂರನೇ ಸಾಲಿನ ಎಡತುದಿಯ ಕುರ್ಚಿ. ಅಲ್ಲಿಂದ ವೇದಿಕೆಯ ಕೆಳಗೆ ಕೂತ ಹಾರ್ಮೋನಿಯಂ ಮೇಷ್ಟ್ರು, ತಬಲಾದವರು ಇಬ್ಬರೂ ಕಾಣುತ್ತಿದ್ದರು. ನನಗೆ ವೇದಿಕೆಯ ಮೇಲಿನವರಷ್ಟೇ ಅವರೂ ಮುಖ್ಯ.

ಸಂಗೀತ ನಾಟಕದ ಬಗ್ಗೆ ನನಗೆ ಕೆಲವು ಹಟಗಳಿವೆ. ಪಾತ್ರ ಮಾಡುವವರೇ ಹಾಡಬೇಕು. ಇನ್ನು ಮಾತಾಡಲು ಆಗುವುದಿಲ್ಲ ಅನ್ನಿಸಿದ ಜಾಗದಲ್ಲಿ ಹಾಡು ಬರಬೇಕು, ಬಟ್ಟೆ ಬದಲಿಸಲು ಹೊತ್ತು ಬೇಕೆಂದು ಅಲ್ಲ. ಹಾರ್ಮೋನಿಯಂ ನಟರ ಉಸಿರನ್ನು ಕಾಯಬೇಕು. ಇದನ್ನೆಲ್ಲ ಹೇಳಲು ನನಗೆ ಯಾರೂ ಇರಲಿಲ್ಲ. ಟಿಕೆಟ್ ಕೊಡುವ ಕಿಟಕಿಯ ಪಕ್ಕದಲ್ಲಿ "ನಿಮ್ಮ ಅಭಿಪ್ರಾಯ" ಎಂದು ಬರೆದ ಒಂದು ತಗಡಿನ ಡಬ್ಬ ತೂಗುಹಾಕಿದ್ದರು. ಎರಡನೇ ವಾರ ಹಳೆಯ ಡೈರಿಯ ಹಾಳೆಯೊಂದರಲ್ಲಿ ನಾಲ್ಕು ಸಾಲು ಬರೆದು, ಕೆಳಗೆ "ಒಬ್ಬ ಪ್ರೇಕ್ಷಕ" ಎಂದು ಸಹಿ ಮಾಡಿ ಹಾಕಿದೆ.

ಮುಂದಿನ ಗುರುವಾರ ಹೋದರೆ, ಹೊರಗಿನ ಕಪ್ಪು ಹಲಗೆಯ ಮೇಲೆ ನನ್ನದೇ ಒಂದು ವಾಕ್ಯ ಸೀಮೆಸುಣ್ಣದಲ್ಲಿ ಬರೆದಿತ್ತು. ಕೆಳಗೆ "ಪ್ರೇಕ್ಷಕರ ಮೆಚ್ಚುಗೆ" ಎಂದಿತ್ತು. ಯಾರೋ ನನ್ನ ಮಾತು ಓದಿದ್ದಾರೆ! ಹಲಗೆಯ ಎದುರು ಸುಮಾರು ಹೊತ್ತು ನಿಂತೆ. ಅಲ್ಲಿಂದ ಪ್ರತಿ ವಾರ ಬರೆಯತೊಡಗಿದೆ. ಬುಧವಾರ ಬಸ್ಸುಗಳ ನಡುವಿನ ಬಿಡುವಿನಲ್ಲಿ, ಈ ಸಲ ಏನು ಬರೆಯಬಹುದು ಎಂದು ಯೋಚಿಸುತ್ತಿದ್ದೆ. ನಾಟಕ ನೋಡುವ ಮೊದಲೇ.

ಎಂಟನೆಯದೋ ಒಂಬತ್ತನೆಯದೋ ವಾರ ಇರಬೇಕು. ಆವತ್ತು ಮೂರನೇ ಹಾಡಿನಲ್ಲಿ ಹಾರ್ಮೋನಿಯಂ ಎರಡು ಕಡೆ ತಡವಾಯಿತು. ನಾಯಕಿ ಬಾಯಿ ತೆರೆದು ಕಾಯಬೇಕಾಯಿತು. ಪಕ್ಕದ ಸಾಲಿನಲ್ಲಿ ಯಾರೋ ನಕ್ಕರು. ನನಗೆ ನನ್ನ ಮನೆಯವರನ್ನೇ ನೋಡಿ ನಕ್ಕಂತೆ ರೇಗಿಹೋಯಿತು. ಕಿಟಕಿಯ ಹತ್ತಿರ ನಿಂತೇ ಬರೆದೆ: "ಮೂರನೇ ಹಾಡಿನಲ್ಲಿ ಎರಡು ಕಡೆ ತಡವಾಯಿತು. ಹಾರ್ಮೋನಿಯಂ ಮೇಷ್ಟ್ರ ಬೆರಳಿಗೆ ವಯಸ್ಸಾಗಿದೆ. ಇಂಥ ಪಕ್ಕವಾದ್ಯಕ್ಕಿಂತ ರೆಕಾರ್ಡ್ ಹಾಕುವುದು ವಾಸಿ. ರೆಕಾರ್ಡಾದರೂ ಹೊತ್ತಿಗೆ ಸರಿಯಾಗಿ ಬರುತ್ತದೆ."

ಅದು ನನ್ನ ಅಭಿಪ್ರಾಯವೇ ಆಗಿರಲಿಲ್ಲ. ರೆಕಾರ್ಡ್ ಹಾಕಿ ತುಟಿ ಆಡಿಸುವ ನಾಟಕಗಳನ್ನು ನಾನು ಅರ್ಧಕ್ಕೇ ಬಿಟ್ಟು ಎದ್ದು ಬಂದವನು. ಆದರೂ ಬರೆದೆ. ವಾಕ್ಯ ಚೆನ್ನಾಗಿ ಬಂತು ಅನ್ನಿಸಿತು. ದಾರಿಯುದ್ದಕ್ಕೂ ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ಬಂದೆ.

ಮುಂದಿನ ಗುರುವಾರ ಶೆಡ್ಡಿನ ಬಾಗಿಲು ಮುಚ್ಚಿತ್ತು. ಹೊರಗೆ ನನ್ನಂಥವರು ಹತ್ತು ಹನ್ನೆರಡು ಜನ. ಟಿಕೆಟ್ ಕಿಟಕಿಯವನು "ಇವತ್ತು ಆಟ ಇಲ್ಲ ಸ್ವಾಮಿ, ಪರದೆ ಎಳೆಯೋರೇ ಇಲ್ಲ" ಅಂದ. ಮೈದಾನದ ಮೂಲೆಯಲ್ಲಿ ಒಬ್ಬ ಹೆಂಗಸಿನ ಟೀ ಅಂಗಡಿ. ಅಲ್ಲಿ ಕಂಪನಿಯ ಜನ ಬೆಂಚಿನ ಮೇಲೆ, ನೆಲದ ಮೇಲೆ ಕೂತಿದ್ದರು. ಪರದೆಯವರು, ಲೈಟಿನವನು, ಬಣ್ಣ ಹಚ್ಚುವವನು, ತಬಲಾದವರು. ಕೊನೆಯಲ್ಲಿ ಹಾರ್ಮೋನಿಯಂ ಮೇಷ್ಟ್ರು, ತೋಳಿಲ್ಲದ ಬನಿಯನ್ನು, ಹೆಗಲ ಮೇಲೆ ಟವೆಲ್ಲು. ವೇದಿಕೆಯ ಕೆಳಗೆ ಕೂತಾಗ ಕಾಣುತ್ತಿದ್ದುದಕ್ಕಿಂತ ಕುಳ್ಳಗಿದ್ದರು.

ನನ್ನನ್ನು ನೋಡಿ ಅವರೇ ಕೈಯೆತ್ತಿದರು. "ಗುರುವಾರದ ಸಾಹೇಬ್ರು ಬಂದ್ರಲ್ಲಪ್ಪಾ. ಬನ್ನಿ ಬನ್ನಿ, ಕೂತ್ಕಳಿ."

ನಾನು ತಬ್ಬಿಬ್ಬಾದೆ. "ನನ್ನ ಗುರುತು ಹೆಂಗೆ?"

"ಮೂರನೇ ಸಾಲು, ಎಡಗಡೆ ತುದಿ. ತೊಡೆ ಮೇಲೆ ಬೆರಳಲ್ಲಿ ತಾಳ ಹಾಕ್ತಿರ್ತೀರಿ. ನೀವು ಬಂದ ದಿನ ನಾನೊಂಚೂರು ಹುಷಾರಾಗಿ ನುಡಿಸ್ತೀನಿ ಕಣ್ರೀ. ಕಿವಿ ಇರೋರು ಒಬ್ರಾದ್ರೂ ಕೂತವ್ರೆ ಅಂತ."

ಟೀ ಬಂತು. ಬಣ್ಣ ಹಚ್ಚುವವನು ಆದದ್ದನ್ನು ಹೇಳಿದ. ಸೋಮವಾರ ಮಾಲೀಕರು ಎಲ್ಲರನ್ನೂ ವೇದಿಕೆಯ ಮೇಲೆ ಸೇರಿಸಿದರಂತೆ. ಬರುವ ವಾರದಿಂದ ಹಾಡುಗಳೆಲ್ಲ ಲ್ಯಾಪ್‌ಟಾಪಿನಿಂದ, ಮೇಷ್ಟ್ರು, ತಬಲಾದವರು ಊರಿಗೆ ಹೋಗಬಹುದು ಅಂದರಂತೆ. "ನಾನು ಹೇಳ್ತಿಲ್ಲ, ಜನ ಹೇಳ್ತವ್ರೆ" ಎಂದು ಜೇಬಿನಿಂದ ಒಂದು ಕಾಗದ ತೆಗೆದು ಓದಿದರಂತೆ.

"ಬೆರಳಿಗೆ ವಯಸ್ಸಾಗೈತಂತೆ!" ಎಂದ ಪರದೆಯವರಲ್ಲಿ ಒಬ್ಬ. "ಬರ್ದೋನು ಯಾವನೋ, ನನ್ ಕೈಗೆ ಸಿಗ್ಲಿ. ಬೆರಳು ತೋರ್ಸಿ ಮೇಷ್ಟ್ರೇ ಇವ್ರಿಗೆ."

ಮೇಷ್ಟ್ರು ಬೇಡ ಬೇಡ ಅನ್ನುತ್ತಲೇ ಬಲಗೈ ಚಾಚಿದರು. ನಡುವಿನ ಬೆರಳು ಊದಿಕೊಂಡು ಉಗುರು ಕಪ್ಪಾಗಿತ್ತು. ವೇದಿಕೆ ಹಿಂದೆ ಕೆಲಸದವರು ಸಾಲದೆ, ದೃಶ್ಯ ಬದಲಾಗುವಾಗ ವಾದ್ಯದವರೂ ಹೋಗಿ ಅರಮನೆಯ ಕಂಬ, ಗುಡಿಸಲಿನ ಗೋಡೆ ತಳ್ಳಬೇಕಾಗಿತ್ತಂತೆ. ಇಬ್ಬರು ಬಿಟ್ಟುಹೋದ ಮೇಲೆ ಅವರ ಜಾಗಕ್ಕೆ ಯಾರನ್ನೂ ಕರೆದಿರಲಿಲ್ಲ. ನಾನು ಕಾಗದ ಬರೆದ ಆ ಮಧ್ಯಾಹ್ನ, ಎರಡನೇ ಹಾಡು ಮುಗಿಸಿ ಹಿಂದಕ್ಕೆ ಹೋದಾಗ ಮೇಷ್ಟ್ರ ಬೆರಳು ಎರಡು ಚೌಕಟ್ಟುಗಳ ನಡುವೆ ಸಿಕ್ಕಿಹಾಕಿಕೊಂಡಿತ್ತು. ಟವೆಲ್ಲಿನಲ್ಲಿ ಒತ್ತಿಹಿಡಿದು ಬಂದು ಮೂರನೇ ಹಾಡಿಗೆ ಕೂತಿದ್ದರು. ನಾನು ಮೂರನೇ ಸಾಲಿನಿಂದ ಎಲ್ಲವನ್ನೂ ನೋಡುತ್ತೇನೆ ಎಂದುಕೊಂಡವನು ಅದನ್ನು ನೋಡಿರಲಿಲ್ಲ.

ಅದಕ್ಕೇ ವೇದಿಕೆ ಹಿಂದಿನವರೆಲ್ಲ ಪರದೆ ಎತ್ತುವುದಿಲ್ಲ ಎಂದು ಕೂತಿದ್ದರು. ವಾದ್ಯದವರನ್ನು ಕ್ಯಾಂಪ್ ಮುಗಿಯುವವರೆಗೆ ಇಟ್ಟುಕೊಳ್ಳಬೇಕು, ಸೆಟ್ ತಳ್ಳಲು ಇಬ್ಬರನ್ನು ತರಬೇಕು, ಅಷ್ಟೇ ಅವರು ಕೇಳಿದ್ದು. ನಾವು ಸಾರಿಗೆಯವರೂ ಹಿಂದೊಮ್ಮೆ ಬಸ್ಸು ನಿಲ್ಲಿಸಿ ಕೂತವರು. ಆಗ "ಜನಕ್ಕೆ ತೊಂದರೆ" ಎಂದು ಹಂಗಿಸಿದವರ ಮೇಲೆ ನಾನು ಎಷ್ಟು ಕೂಗಾಡಿದ್ದೆ ಎಂಬುದು ನೆನಪಾಯಿತು.

ಹೇಳಿಬಿಡಬೇಕು ಅನ್ನಿಸಿತು. ಹೇಳಲಿಲ್ಲ. ಲೋಟ ಇಟ್ಟು, ಮಾಲೀಕರನ್ನು ನೋಡಿ ಬರುತ್ತೇನೆ ಎಂದು ಎದ್ದೆ.

ಮಾಲೀಕರು ಖಾಲಿ ಶೆಡ್ಡಿನೊಳಗೆ ಕುರ್ಚಿಯೊಂದರಲ್ಲಿ ಕೂತಿದ್ದರು. ಒಂದು ಕಾಲದಲ್ಲಿ ಹಾಸ್ಯದ ಪಾತ್ರ ಮಾಡಿದವರಂತೆ, ಮುಖದಲ್ಲಿ ಈಗ ಆ ಸುಳಿವೂ ಇರಲಿಲ್ಲ. ಕಾಗದ ಬರೆದವನು ನಾನೇ, ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಅಂದೆ.

"ನೀವು ಬರ್ದಿದ್ದು ಸುಳ್ಳಾ?" ಎಂದು ಕೇಳಿದರು.

"ತಡ ಆಗಿದ್ದು ನಿಜ. ಆದ್ರೆ ಅವರ ಬೆರಳಿಗೆ ಪೆಟ್ಟಾಗಿತ್ತು. ರೆಕಾರ್ಡ್ ಹಾಕಿ ಅಂತ ನಾನು ಸಿಟ್ಟಲ್ಲಿ ಬರ್ದೆ. ನನಗೆ ರೆಕಾರ್ಡ್ ಅಂದ್ರೇ ಆಗಲ್ಲ."

"ನಿಮಗೆ ಆಗಲ್ಲ. ಸರಿ. ಗುರುವಾರ ನೀವು ಒಬ್ರು ಬತ್ತೀರಿ. ಮಿಕ್ಕ ಜನ ಬರೋದು ಕಾಮಿಡಿಗೆ. ಹಾಡು ಶುರುವಾಯ್ತು ಅಂದ್ರೆ ಎದ್ದು ಬೀಡಿ ಸೇದಕ್ಕೆ ಹೊರಗೆ ಹೋಗ್ತಾರೆ, ನೋಡಿಲ್ವಾ?"

ನೋಡಿದ್ದೆ. ಆದರೂ ಅಲ್ಲೇ ಕೂತು ಇನ್ನೊಂದು ಕಾಗದ ಬರೆದೆ. ಈ ಸಲ ನನ್ನ ಹೆಸರು ಹಾಕಿ, ಉದ್ದಕ್ಕೆ ಬರೆದೆ. ಅವರು ಓದಿ ಮಡಿಚಿ ಜೇಬಿಗೆ ಇಟ್ಟುಕೊಂಡರು. "ಮೊದಲ್ನೇದು ಚೆನ್ನಾಗಿತ್ತು. ಮನಸ್ಸಿಗೆ ನಾಟೋ ಹಂಗಿತ್ತು. ಇದು ಅರ್ಜಿ ಇದ್ದಂಗೈತೆ" ಅಂದರು. ವ್ಯಂಗ್ಯವಾಗಿ ಅಲ್ಲ, ನಾಟಕದವರು ಮಾತನ್ನು ಅಳೆಯುವ ಹಾಗೆ ಹೇಳಿದರು.

ಟೀ ಅಂಗಡಿಗೆ ವಾಪಸ್ ಬಂದು ನಿಂತುಕೊಂಡೇ ಹೇಳಿದೆ. "ಆ ಕಾಗದ ಬರೆದವನು ನಾನು."

ಕೈಗೆ ಸಿಗಲಿ ಎಂದಿದ್ದವನು ನನ್ನನ್ನು ನೋಡದೆ ಎದ್ದು ಶೆಡ್ಡಿನ ಹಿಂದಕ್ಕೆ ಹೋದ. ತಬಲಾದವರು, "ನಿಮ್ಮ ಬಸ್ ಸ್ಟ್ಯಾಂಡಲ್ಲಿ ನಿಮ್ಮ ಬದ್ಲು ರೆಕಾರ್ಡ್ ಹಾಕ್ತಾರೆ, ತಡಿರಿ. ಆವತ್ತು ಗೊತ್ತಾಯ್ತದೆ" ಅಂದರು. ಮೇಷ್ಟ್ರು ತಮ್ಮ ಬೆರಳನ್ನೇ ನೋಡುತ್ತಾ, "ಎರಡು ಕಡೆ ತಡ ಆಯ್ತು ಅಂತ ಸರಿಯಾಗೇ ಬರ್ದಿದ್ರಿ. ಮಾಲೀಕ್ರು ಓದ್ದಾಗ್ಲೇ ಅನ್ಕೊಂಡೆ, ಇದು ಕಿವಿ ಇರೋರೇ ಬರ್ದಿರೋದು ಅಂತ. ನೀವೇ ಅಂತ ಅನ್ಕೊಂಡಿರ್ಲಿಲ್ಲ" ಅಂದರು. ಬೈದಿದ್ದರೆ ಸುಲಭವಾಗಿರುತ್ತಿತ್ತು.

ಮೂರನೇ ದಿನ ರಾಜಿಯಾಯಿತು. ಸೆಟ್ ತಳ್ಳಲು ಇಬ್ಬರು ಬಂದರು. ತಬಲಾದವರನ್ನು ಲ್ಯಾಪ್‌ಟಾಪ್ ಒತ್ತುವ ಕೆಲಸಕ್ಕೆ ಉಳಿಸಿಕೊಂಡರು. ಮೇಷ್ಟ್ರಿಗೆ ಜಾಗ ಸಿಗಲಿಲ್ಲ. ತಮ್ಮಿಂದ ಎಲ್ಲರ ಕೆಲಸ ನಿಲ್ಲುವುದು ಬೇಡ ಎಂದು ಅವರೇ ಹೊರಟರಂತೆ. ಇದು ನನಗೆ ಗೊತ್ತಾದದ್ದು ಮುಂದಿನ ಗುರುವಾರ, ಟೀ ಅಂಗಡಿಯ ಹೆಂಗಸಿನಿಂದ. ನನಗೆ ಹೇಳುವವರು ಬೇರೆ ಯಾರೂ ಇರಲಿಲ್ಲ.

ಆವತ್ತು ಒಳಗೆ ಹೋಗಿ ನನ್ನ ಕುರ್ಚಿಯಲ್ಲೇ ಕೂತೆ. ಮೂರನೇ ಹಾಡು ಹೊತ್ತಿಗೆ ಸರಿಯಾಗಿ ಬಂತು. ನಾಯಕಿ ತುಟಿ ಆಡಿಸುವ ಮೊದಲು ಅಭ್ಯಾಸದಿಂದ ಎಡಕ್ಕೆ ಬಗ್ಗಿ ಕೆಳಗೆ ನೋಡಿದಳು. ಅಲ್ಲಿ ಬರೀ ಮಡಿಚಿಟ್ಟ ಜಮಖಾನೆ ಇತ್ತು. ಜನ ಎಂದಿನಂತೆ ಎದ್ದು ಹೊರಗೆ ಹೋದರು, ಹಾಡು ಮುಗಿದ ಮೇಲೆ ಬಂದು ಕೂತರು. ನನ್ನ ಬೆರಳು ತೊಡೆಯ ಮೇಲೆ ಸುಮ್ಮನಿತ್ತು. ಡಬ್ಬಕ್ಕೆ ಏನೂ ಹಾಕದೆ ಬಂದೆ. ಕೆಲವು ವಾರಗಳಲ್ಲಿ ಕಂಪನಿ ಬೇರೆ ಊರಿಗೆ ಹೋಯಿತು.

ಮೇಷ್ಟ್ರ ಊರು ಬುಕ್ಕಾಂಬುಧಿಯ ಹತ್ತಿರದ ಒಂದು ಹಳ್ಳಿ ಎಂದು ಟೀ ಅಂಗಡಿಯವಳೇ ಹೇಳಿದ್ದಳು. ಎರಡು ತಿಂಗಳು ಹಿಂದೆಮುಂದೆ ನೋಡಿ, ಒಂದು ಗುರುವಾರ ಅಜ್ಜಂಪುರದಲ್ಲಿ ಬಸ್ಸು ಬದಲಿಸಿ ಹೋದೆ. ಮನೆ ಸಿಕ್ಕಿತು. ಮೇಷ್ಟ್ರು ತೆಂಗಿನ ಸೋಗೆ ಸೀಳುತ್ತಾ ಕೂತಿದ್ದರು. ನನ್ನನ್ನು ಕಂಡು ಅಚ್ಚರಿಪಡಲಿಲ್ಲ. ಚಾಪೆ ಹಾಸಿ, ಒಳಗೆ ಕೂಗಿ ಕಾಫಿ ತರಿಸಿದರು. ಬೆರಳು ವಾಸಿಯಾಗಿತ್ತು, ಆದರೆ ಪೂರ್ತಿ ಬಗ್ಗುತ್ತಿರಲಿಲ್ಲ. ಹಾರ್ಮೋನಿಯಂ ಬಟ್ಟೆ ಹೊದೆಸಿ ಅಟ್ಟದ ಮೇಲಿಟ್ಟಿದ್ದಾರಂತೆ.

ಕ್ಷಮೆ ಕೇಳಬೇಕೆಂದು ದಾರಿಯಲ್ಲಿ ಜೋಡಿಸಿಕೊಂಡು ಹೋಗಿದ್ದ ಮಾತುಗಳೆಲ್ಲ ನಾಲ್ಕು ಶಬ್ದದಲ್ಲಿ ಮುಗಿದುಹೋದವು. ಅವರು, "ಬಿಡಿ ಸಾಹೇಬ್ರೇ. ನೀವು ಬರೀದಿದ್ರೂ ಇನ್ನೊಂದ್ ನೆಪ ಹುಡುಕ್ತಿದ್ರು" ಅಂದರು. ನಿಜವಿರಬಹುದು. ಆದರೆ ಬೇರೆ ನೆಪ ಸಿಕ್ಕಿದ್ದರೆ ಅದು ನನ್ನ ಕೈಬರಹದಲ್ಲಿ ಇರುತ್ತಿರಲಿಲ್ಲ.

ಇಬ್ಬರೂ ಕೆರೆಯ ಏರಿಯವರೆಗೆ ನಡೆದುಹೋದೆವು. ನೀರು ದೂರದವರೆಗೆ ಹರಡಿತ್ತು. ಹಾಡುಗಳ ಬಗ್ಗೆ ಮಾತಾಡಲಿಲ್ಲ. ಸೋಗೆಯ ಬಗ್ಗೆ, ಬಸ್ಸಿನ ಬಗ್ಗೆ ಮಾತಾಡಿದೆವು. ಹೊರಡುವಾಗ ಅವರು, "ಈಗ ಗುರುವಾರ ಏನ್ ಮಾಡ್ತೀರಿ?" ಎಂದು ಕೇಳಿದರು.

"ಬಟ್ಟೆ ಒಗೀತೀನಿ. ಮಲಗ್ತೀನಿ."

"ಬತ್ತಾ ಇರಿ" ಅಂದರು.

ಇನ್ನೊಂದು ಸಲ ಹೋದೆ. ಬಾಗಿಲಿಗೆ ಬೀಗ ಹಾಕಿತ್ತು. ಪಕ್ಕದ ಮನೆಯವರು, ಮೇಷ್ಟ್ರು ಮಗಳ ಊರಿಗೆ ಹೋಗಿದ್ದಾರೆ, ಬರುವುದು ಯಾವಾಗಲೋ ಅಂದರು. ನಂಬರು ಬೇಕಾ ಎಂದು ಕೇಳಿದರು. ಬರೆದುಕೊಂಡು ಬಂದೆ. ಈವರೆಗೆ ಫೋನ್ ಮಾಡಿಲ್ಲ. ಮಾಡಿದರೆ ಯಾರು ಅಂತ ಹೇಳಿಕೊಳ್ಳುವುದು ಎಂಬುದೇ ಗೊತ್ತಾಗುತ್ತಿಲ್ಲ.

ಈಗ ವಾರದ ರಜೆಯನ್ನು ಭಾನುವಾರಕ್ಕೆ ಬದಲಿಸಿಕೊಂಡಿದ್ದೇನೆ. ಗುರುವಾರ ಮಧ್ಯಾಹ್ನ ಮೈಕಿನ ಮುಂದೆ ಇರುತ್ತೇನೆ. ತರೀಕೆರೆ ಬಸ್ಸು ಬಂದಾಗ ಅದರ ಹೆಸರನ್ನೂ ಉಳಿದ ಊರುಗಳ ಹೆಸರಿನಂತೆಯೇ ಎರಡು ಸಲ ಕೂಗುತ್ತೇನೆ.