ಗುತ್ಯಪ್ಪನ ರೋಬೋಟು, ಹುಲಿಯಮ್ಮನ ಗೆರೆ

ಹೊಸನಗರದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಸೈಕಲ್ ಶಾಪಿತ್ತು. ಪಕ್ಕದ ಗೂಡಂಗಡಿಯಲ್ಲಿ ರೇಡಿಯೊ ರಿಪೇರಿ ಗುತ್ಯಪ್ಪ. ಅವನು ಒಂದು ಕಡೆ ಐದು ನಿಮಿಷ ಕೂತದ್ದನ್ನು ಕಂಡವರಿಲ್ಲ. ಅವನದೇ ಮದುವೆಯಲ್ಲಿ ಧಾರೆಗೆ ಕರೆದರೆ ಗಂಡೇ ನಾಪತ್ತೆ. ಚಪ್ಪರದ ಹಿಂದೆ ಮೈಕಿನವನ ಆಂಪ್ಲಿಫೈಯರ್ ಬಿಚ್ಚುತ್ತಿದ್ದ. ಅವನು ರಿಪೇರಿ ಮಾಡಿದ ಒಂದು ರೇಡಿಯೊ ನಾಳಿನ ವಾರ್ತೆಯನ್ನು ಇವತ್ತೇ ಹೇಳುತ್ತಿತ್ತು. ಎಲ್ಲಿದೆ ತೋರಿಸಿ ಅಂದರೆ ಈಗಿಲ್ಲ. ತಾನು ಕೆಟ್ಟುಹೋಗುತ್ತೇನೆ ಎಂದು ಹಿಂದಿನ ದಿನ ಅದೇ ಹೇಳಿತ್ತು, ಹಾಗೇ ಆಯಿತು.

ಕಷ್ಟ ಇದ್ದದ್ದು ಒಂದೇ. ಒಂದು ರೇಡಿಯೊ ಬಿಚ್ಚಿ, ಅದು ಮುಗಿಯುವ ಮೊದಲೇ ಇನ್ನೊಂದನ್ನು ಬಿಚ್ಚುವುದು. ಬೆಂಚಿನ ಮೇಲೆ ಹನ್ನೊಂದು ರೇಡಿಯೊಗಳು ಹೊಟ್ಟೆ ಬಗಿದುಕೊಂಡು ಬಿದ್ದಿರುತ್ತಿದ್ದವು. ಹೆಂಡತಿ ಹುಲಿಯಮ್ಮನಿಗೆ ಸಾಕಾಗಿಹೋಗಿತ್ತು. ಅವಳ ಅಣ್ಣ ಮಂಜುನಾಥಪ್ಪನದು ತೀರ್ಥಹಳ್ಳಿಯಲ್ಲಿ ಅಕ್ಕಿ ಮಿಲ್ಲು. ತಂಗಿಯ ಗಂಡನಿಗೆ ಅಲ್ಲೊಂದು ಕೆಲಸ ಕಾದಿತ್ತು.

ಹೀಗಿರುವಾಗ, ಎಂಬತ್ತಾರನೇ ಇಸವಿ ಇರಬೇಕು, ಸಾಗರದ ಒಂದು ವಿಜ್ಞಾನ ಸಂಘದವರು ‘ತಾನೇ ನಡೆಯುವ ಯಂತ್ರಗಳ ಸ್ಪರ್ಧೆ’ ಅಂತ ಚೀಟಿ ಹಂಚಿದರು. ನೆಲದ ಮೇಲೆ ಬಿಳಿ ಪುಡಿಯ ಗೆರೆ. ಬಾಗಿಲಿಂದ ವೇದಿಕೆಯವರೆಗೆ ಯಂತ್ರ ಅದನ್ನೇ ಹಿಡಿದು ಹೋಗಬೇಕು. ಕೈ ತಾಗಿಸುವ ಹಾಗಿಲ್ಲ, ದಾರ ಕಟ್ಟುವ ಹಾಗಿಲ್ಲ. ಐದು ನಿಮಿಷದ ಗಡುವು. ಗುತ್ಯಪ್ಪ ಅವತ್ತೇ ಹನ್ನೆರಡನೇ ರೇಡಿಯೊ ಬಿಚ್ಚಿದ.

“ಇದು ಸಾಯ್ಲಿ, ತೀರ್ಥಳ್ಳಿಗೆ ಹೋಗಿ ಮಿಲ್ಲಲ್ಲಿ ನೆಟ್ಟಗೆ ಕೂತ್ಕಳಿ” ಅಂದಳು ಹುಲಿಯಮ್ಮ.

“ಇದೊಂದು ತುದಿ ಮುಟ್ಲಿ ಮಾರಾಯ್ತಿ. ಮುಟ್ದೇ ಹೋದ್ರೆ ನಾಳೆನೇ ಅಂಗಡಿ ಬಾಗ್ಲು ಹಾಕ್ತೀನಿ. ಚೌಡಮ್ಮನ ಆಣೆ.”

“ಮಾವ, ಕೇಳಿಸ್ಕಂಡ್ರಲ್ಲ? ನೀವೇ ಸಾಕ್ಷಿ” ಅಂತ ನನ್ನ ಕಡೆ ತಿರುಗಿದಳು.

ಹಲಸಿನ ಹಲಗೆ, ಡಬ್ಬಿ ಮುಚ್ಚಳದ ಚಕ್ರ, ಟೇಪ್ ರೆಕಾರ್ಡರಿನ ಎರಡು ಮೋಟರು, ಕೆಳಗೆ ಬೆಳಕು ಕಾಣುವ ಎರಡು ಕಣ್ಣು. ಎಡಗಣ್ಣಿಗೆ ಗೆರೆ ಕಂಡರೆ ಎಡಕ್ಕೆ, ಬಲಗಣ್ಣಿಗೆ ಕಂಡರೆ ಬಲಕ್ಕೆ. ಏನೂ ಕಾಣದಿದ್ದರೆ ನಿಂತಲ್ಲೇ ಸುತ್ತುವುದು. ಅಪ್ಪನ ಗುಣ ಪೂರ್ತಿ ಬಂದಿತ್ತು. ಸಗಣಿ ಸಾರಿಸಿದ ಜಗಲಿಯ ಮೇಲೆ ಹುಲಿಯಮ್ಮನೇ ಬೈಯುತ್ತ ಅಕ್ಕಿಹಿಟ್ಟಿನ ಗೆರೆ ಎಳೆದುಕೊಟ್ಟಳು. ಮದುವೆಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುವುದರಲ್ಲಿ ಅವಳನ್ನು ಮೀರಿಸಿದವರು ಮೂರು ತಾಲ್ಲೂಕಲ್ಲಿ ಇರಲಿಲ್ಲ. ಪುಂಡಿನಾರಿನ ಕುಂಚ ಹಿಡಿದರೆ ಗೆರೆ ದಾರ ಹಿಡಿದಷ್ಟು ನೆಟ್ಟಗೆ.

ಸ್ಪರ್ಧೆಯ ದಿನ ಬಸ್ಸಿನಲ್ಲಿ ಯಂತ್ರ ನನ್ನ ತೊಡೆಯ ಮೇಲೆ. ಕಂಡಕ್ಟರು “ಇದಕ್ಕೆ ಟಿಕೇಟು?” ಅಂದ. “ಇನ್ನೂ ಮೂರು ವರ್ಷ ಆಗ್ಲಿಲ್ಲ” ಅಂದೆ. ಹುಲಿಯಮ್ಮ ಬೆಳಗಿನ ಬಸ್ಸಿಗೇ ಸಾಗರಕ್ಕೆ ಹೋಗಿದ್ದಳು. ಅಲ್ಲೊಂದು ಮದುವೆಮನೆಗೆ ಹಸೆ ಬರೆಯುವುದಿತ್ತು.

ಸಭಾಂಗಣದ ನೆಲ ಕಪ್ಪು ಗಾರೆ. ಗುತ್ಯಪ್ಪನದು ಕೊನೆಯ ಪಾಳಿ. ಕಾಯುವಷ್ಟು ಹೊತ್ತೂ ಅವನು ಬಾಗಿಲಿಗೂ ಕಿಟಕಿಗೂ ಓಡಾಡಿ ಚಪ್ಪಲಿಯ ಉಂಗುಷ್ಟ ಕಿತ್ತುಕೊಂಡ. ಅವನಿಗಿಂತ ಮುಂಚಿನ ಯಂತ್ರ ತುಪ್ಪದ ಡಬ್ಬಿಯದು. ಎರಡನೇ ತಿರುವಿನಲ್ಲಿ ಮಗುಚಿಬಿದ್ದು ಎರಡು ಮೊಳ ಗೆರೆಯನ್ನೇ ಒರೆಸಿಹಾಕಿತು. ಯಾರೂ ಅದನ್ನು ಗಮನಿಸಲಿಲ್ಲ.

ಸೀಟಿ ಊದಿದರು. ನಮ್ಮದು ಗುರ್ ಗುರ್ ಅಂತ ಹೊರಟಿತು. ಮೊದಲ ತಿರುವು ದಾಟಿತು. ಎರಡನೆಯದರಲ್ಲಿ ಗೆರೆ ಕಾಣದೆ ಸುತ್ತತೊಡಗಿತು. ಸುತ್ತಿತು, ಸುತ್ತಿತು. ಜನ ನಕ್ಕರು. ಗುತ್ಯಪ್ಪ ಕೈ ಚಾಚಿದ, ನಿಯಮ ನೆನಪಾಗಿ ಹಿಂದಕ್ಕೆಳೆದುಕೊಂಡ. ಅವನ ಮುಖ ನೋಡಲಾಗದೆ ನಾನು ಗಡಿಯಾರ ನೋಡಿದೆ. ಒಂದೂವರೆ ನಿಮಿಷ ಉಳಿದಿತ್ತು.

ಅಷ್ಟರಲ್ಲಿ ಜನರ ಸಂದಿಯಿಂದ ಹುಲಿಯಮ್ಮ ನುಗ್ಗಿ ಬಂದಳು. ಒಂದು ಕೈಯಲ್ಲಿ ಅಕ್ಕಿಹಿಟ್ಟಿನ ಕರಟ, ಇನ್ನೊಂದರಲ್ಲಿ ಕುಂಚ. ಮದುವೆಮನೆಯಿಂದ ಹಾಗೇ ಎದ್ದು ಬಂದಿದ್ದಳು. ಯಂತ್ರದ ಮೂಗಿನ ಮುಂದೆ ಕೂತು ಗೆರೆ ಎಳೆದಳು.

“ಏ ತಾಯಿ, ಮುಟ್ಟಂಗಿಲ್ಲ!” ಅಂದರು ತೀರ್ಪುಗಾರ ಮೇಷ್ಟ್ರು.

“ನಾ ಎಂತ ಮುಟ್ದೆ? ನೆಲ ಮುಟ್ದೆ.”

ಯಂತ್ರ ಅವಳ ಗೆರೆ ಹಿಡಿಯಿತು. ಆದರೆ ನೋಡಿ, ಮೂಲೆ ಸಿಕ್ಕಿದರೆ ಸುಮ್ಮನೆ ದಾಟುವ ಕೈ ಅಲ್ಲ ಅದು. ಅಷ್ಟು ಅವಸರದಲ್ಲೂ ಹಸೆಯಲ್ಲಿ ಬರೆಯುವ ಹಾಗೆ ಅಂಕುಡೊಂಕಿನ ಜಡೆಯೊಂದನ್ನು ಇಳಿಬಿಟ್ಟಳು. ಯಂತ್ರ ಆ ಜಡೆಯನ್ನೂ ಬಿಡಲಿಲ್ಲ. ಆ ಕಡೆ ಸೊಂಟ, ಈ ಕಡೆ ಸೊಂಟ ಕುಣಿಸುತ್ತ ಹೋಯಿತು. ಸಭೆಯೆಲ್ಲ ಕೇಕೆ. ಗುತ್ಯಪ್ಪ “ಉದ್ದಕ್ಕೆ ಎಳ್ಯೇ, ಉದ್ದಕ್ಕೆ!” ಅಂತ ಕುಣಿಯುತ್ತಿದ್ದ. ಕೊನೆಗೆ ಅದು ಪುಡಿಯ ಗೆರೆ ಸೇರಿ, ವೇದಿಕೆಗೆ ಟಕ್ ಅಂತ ತಲೆ ಕುಟ್ಟಿತು.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. “ಗೆರೆ ನಮ್ದಲ್ಲ. ಬಹುಮಾನ ಕೊಡಕ್ಕೆ ಬರಲ್ಲ.”

“ಬಹುಮಾನ ನೀವೇ ಇಟ್ಕಳಿ ಸಾರ್. ತುದಿ ಮುಟ್ತೋ ಇಲ್ವೋ, ಅಷ್ಟು ಹೇಳಿ” ಅಂದಳು ಹುಲಿಯಮ್ಮ.

“ಮುಟ್ತು ತಾಯಿ.”

ವಾಪಸು ಬಸ್ಸಿನಲ್ಲಿ ಕೇಳಿದೆ: “ಅಲ್ಲ ಮಾರಾಯ್ತಿ, ಸುಮ್ನೆ ನಿಂತಿದ್ರೆ ಗಂಡ ನಾಳೆ ಮಿಲ್ಲಲ್ಲಿರ್ತಿದ್ದ. ನೀನೇ ಕೆಡಿಸ್ಕಂಡ್ಯಲ್ಲ?”

“ಅದು ಸುತ್ತೋದು ನೋಡಕ್ಕಾಗ್ಲಿಲ್ಲ ಮಾವ. ನಮ್ಮನೆಯವ್ರ ಹಂಗೇ ಕಾಣ್ತು.”

ಅವಳ ಆ ‘ನಮ್ಮನೆಯವರು’ ಸೀಟಿನಲ್ಲಿರಲಿಲ್ಲ. ಡ್ರೈವರಿನ ಪಕ್ಕ ಬಗ್ಗಿ, ಕೆಟ್ಟ ಹಾರನ್ನಿನ ವೈರು ಎಳೆಯುತ್ತಿದ್ದರು.

ಮರುದಿನ ಅಂಗಡಿ ಬಾಗಿಲು ತೆಗೆಯಿತು. ಹುಲಿಯಮ್ಮ ಕರಟದೊಂದಿಗೆ ಬಂದು ಬೆಂಚಿನ ನಡುವೆ ಒಂದು ಬಿಳಿ ಗೆರೆ ಎಳೆದಳು. “ಈಚೆ ಕಡೇದು ಮುಗೀದೇ ಆಚೆ ಕಡೇದು ಬಿಚ್ಚಂಗಿಲ್ಲ.”

ಮೂರು ದಿನ ಗುತ್ಯಪ್ಪ ಮಾತು ಕೇಳಿದ. ನಾಲ್ಕನೇ ದಿನ ಹೋಗಿ ನೋಡಿದರೆ, ಗೆರೆಯ ಮೇಲೆಯೇ ಒಂದು ರೇಡಿಯೊ ಬಿಚ್ಚಿಟ್ಟಿದ್ದ.