ಅವ್ವ ಕೂತೇ ಇದ್ದದ್ದು

ನನ್ನ ಎರಡು ಕಾಲೂ ಪೋಲಿಯೊಗೆ ಹೋದವು. ಅವುಗಳ ಶಕ್ತಿಯೆಲ್ಲ ತೋಳಿಗೆ ಇಳಿದಿದೆ ಎಂಬುದು ಅವ್ವನ ನಂಬಿಕೆ. ಹಾಗಾಗಿ ಇಪ್ಪತ್ತಾರನೇ ವಯಸ್ಸಿನಲ್ಲಿ ನಾನು ತೆರಕಣಾಂಬಿಯಿಂದ ಗುಂಡ್ಲುಪೇಟೆಯ ಜಿಮ್ಮಿಗೆ ಹೋಗಿ, ಬೆಂಚಿನ ಮೇಲೆ ಮಲಗಿ ಭಾರ ಎತ್ತುತ್ತೇನೆ ಎಂದಾಗ ಅವಳು ಬೇಡ ಎನ್ನಲಿಲ್ಲ. "ಮನಿಕಂಡು ಮಾಡೋ ಕೆಲ್ಸ ಅಂತೀಯ, ಮಾಡು" ಎಂದಳು.

ಈ ಆಟದಲ್ಲಿ ಭಾರ ಸಿಕ್ಕಿಸಿದ ಕಬ್ಬಿಣದ ಸರಳನ್ನು ಎದೆಗಿಳಿಸಿ, ಒಂದು ಕ್ಷಣ ಅಲುಗಾಡದಂತೆ ನಿಲ್ಲಿಸಿ, ಆಮೇಲೆ ಎತ್ತಬೇಕು. ಅವ್ವನಿಗೆ ಇದನ್ನು ಹೇಳದೆ ಬಿಟ್ಟದ್ದು ನನ್ನದೇ ತಪ್ಪು. ಚಾಮರಾಜನಗರದಲ್ಲಿ ಮೊದಲ ಸ್ಪರ್ಧೆ. ಸರಳು ಎದೆಯ ಮೇಲೆ ನಿಂತದ್ದೇ ತಡ, ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ವೇದಿಕೆ ಹತ್ತಿ ಅದಕ್ಕೆ ಕೈ ಹಾಕಿದ್ದಳು. ತೀರ್ಪುಗಾರರು ನಾನು ಸೋತೆನೆಂದು ಕೆಂಪು ದೀಪ ಹಾಕಿದರು. "ಕೂಸಿನ ಎದೆ ಮ್ಯಾಲೆ ಕಬ್ಬುಣ ಬಿದ್ದದೆ, ದೀಪ ಹಾಕಂಡು ಕುಂತಿದ್ದೀರಲ್ಲ" ಎಂದು ಅವರನ್ನೇ ಗದರಿದಳು. ಎರಡು ದಿನ ನಾನು ಅವಳ ಜೊತೆ ಮಾತು ಬಿಟ್ಟೆ. ಅವಳಿಗೆ ಅದು ಗೊತ್ತೇ ಆಗಲಿಲ್ಲ.

ಕೊನೆಗೆ ಅವಳಿಗೆ ಪಾಠ ಹೇಳಿದವಳು ಚೀನಾದ ಒಬ್ಬ ಆಟಗಾರ್ತಿ. ಫೋನಿನಲ್ಲಿ ಅವಳ ವೀಡಿಯೊ ಹಾಕಿಕೊಟ್ಟೆ. ನಾನು ಆಟಕ್ಕೆ ಬರುವ ಮೊದಲಿನಿಂದಲೂ ಎತ್ತುತ್ತಿದ್ದವಳು. ಜೊತೆಯವರೆಲ್ಲ ಬಿಟ್ಟರು, ಹೊಸಬರು ಬಂದು ಅವರೂ ಬಿಟ್ಟರು, ಇವಳು ಮಾತ್ರ ಬೆಂಚಿನ ಮೇಲೆ ಮಲಗುತ್ತಲೇ ಇದ್ದಳು. ಅವ್ವನಿಗೆ ಅವಳು ಚೀನಾದಕ್ಕ. ಅವರೆಕಾಯಿ ಸುಲಿಯುತ್ತ ನೋಡುವಳು. ಮೊದಮೊದಲು ಫೋನಿಗೂ ಕೈ ಚಾಚುತ್ತಿದ್ದಳು. ವರ್ಷ ಕಳೆದಂತೆ "ಇರು, ಈಗ ಎತ್ತಾಳೆ" ಎಂದು ನನಗೇ ಹೇಳತೊಡಗಿದಳು.

"ಚೀನಾದಕ್ಕಂಗೂ ನರೆ ಬಂತು ಕಣಮ್ಮಿ. ಅವ್ಳವ್ವ ಎಲ್ಲಿ ಕುಂತವ್ಳೆ?" ಎಂದೊಮ್ಮೆ ಕೇಳಿದಳು.

ಹೋದ ವರ್ಷ ಮತ್ತೆ ಚಾಮರಾಜನಗರ. ನಲವತ್ತಕ್ಕೆ ಬಂದಿದ್ದ ನನಗೆ ರಾಜ್ಯ ತಂಡ ಸೇರಲು ಇದೇ ಕೊನೆಯ ಅವಕಾಶ ಎಂದು ಕೋಚ್ ಹೇಳಿದ್ದರು. ನೀನು ಬರಬೇಡ ಎಂದು ಅವ್ವನಿಗೆ ಹೇಳಲು ಬಾಯಿ ಬರಲಿಲ್ಲ. ಅವಳು ಮುಂದಿನ ಸಾಲಿನಲ್ಲಿ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಳು.

ಮೂರನೆಯ ಸಲ, ಅಂದರೆ ಕೊನೆಯ ಸಲ, ಸರಳು ಎದೆಗಿಳಿಯಿತು. ನಿಂತಿತು. ನಿಂತೇ ಬಿಟ್ಟಿತು. ನನ್ನಿಂದ ನಿಜಕ್ಕೂ ಎತ್ತಲಾಗಲಿಲ್ಲ, ಉಸಿರು ಕಟ್ಟಿತು. ಸಾಲದ್ದಕ್ಕೆ ಅವ್ವನ ದನಿ ಕೇಳಿಸಿತು. ಗಾಬರಿಯಾದ ಪಕ್ಕದವರಿಗೆ "ಸುಮ್ಕಿರಿ, ಇದು ಇಂಗೇಯ. ಈಗ ಎತ್ತಾಳೆ" ಎಂದು ವಿವರಿಸುತ್ತಿದ್ದಳು. ಸಹಾಯಕರೇ ಬಂದು ಸರಳು ಎತ್ತಿದರು. ಕೆಂಪು ದೀಪ.

ಹೊರಗೆ ಅವ್ವ ನನ್ನ ಮುಖ ಒರೆಸಿದಳು. "ನಾನು ಏಳ್ನೇ ಇಲ್ಲ ಕಣಮ್ಮಿ, ನೋಡ್ದಾ?"

ತುಂಬ ದುಃಖವಾಗಿತ್ತು. ಆದರೂ, "ನೋಡ್ದೆ ಕಣವ್ವ. ಚೆನ್ನಾಗಿ ಕುಂತಿದ್ದೆ" ಎಂದೆ.