ಹಾಯಿದೋಣಿಗೆ ಕೂಡಿದ ಗೇಣು

ದೆವ್ವ, ಶಕುನ ಅಂತ ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದವನು ನಾನು. ಉಣ್ಣೆ ವ್ಯಾಪಾರದಲ್ಲಿ ತಲೆಯೆತ್ತಿದವನು. ತೂಕ ಮತ್ತು ಅಳತೆ ಬಿಟ್ಟು ಬೇರೇನನ್ನಾದರೂ ನಂಬಿದ್ದರೆ ಯಾದಗಿರಿ ಪೇಟೆಯವರು ನನ್ನ ಹೆಗಲ ಕಂಬಳಿಯನ್ನೂ ಬಿಚ್ಚಿಕೊಳ್ಳುತ್ತಿದ್ದರು. ಆದರೆ ಆ ಅಳತೆಯ ವಿಷಯದಲ್ಲೇ ಒಂದು ಸಂಗತಿ ನಡೆದುಹೋಯಿತು. ಕಂಡಷ್ಟನ್ನು ಬರೆಯುತ್ತೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ನಿಜಾಮರ ಆಳ್ವಿಕೆ ಮುಗಿದು ಜಹಗೀರುಗಳು ರದ್ದಾದ ಹೊಸತು. ಭೀಮಾ ಹೊಳೆ ದಾಟಿಸುವ ದೋಣಿಯ ಗುತ್ತಿಗೆ ಅಲ್ಲಿತನಕ ಒಂದೇ ಮನೆತನದ ಕೈಯಲ್ಲಿತ್ತು. ಕುದುರೆ, ಗಾಡಿ, ದೊಡ್ಡವರೆಲ್ಲ ದಾಟಿ ಮುಗಿಯುವವರೆಗೆ ನಮ್ಮಂಥ ಕುರಿಗಾರರು ಬಿಸಿಲಲ್ಲಿ ಕಾಯಬೇಕು. ಅವ್ವ ಹಾಗೆ ಕಾದು ಕೂತದ್ದನ್ನು ಚಿಕ್ಕಂದಿನಿಂದ ನೋಡಿದ್ದೆ. ದೋಣಿ ಇದ್ದ ಯಾರು ಬೇಕಾದರೂ ಗುತ್ತಿಗೆ ಕೇಳಬಹುದೆಂದು ಹೊಸ ಸರ್ಕಾರ ಸಾರಿದಾಗ ನಾನು ದೋಣಿ ಹುಡುಕಿಕೊಂಡು ಹೊರಟೆ.

ಸಿಕ್ಕಿದ್ದು ಸಗರದಲ್ಲಿ, ಜಹಗೀರದಾರರೊಬ್ಬರ ಪಾಳುಬಿದ್ದ ಕುದುರೆ ಲಾಯದಲ್ಲಿ. ಅವರ ಅಜ್ಜ ಮೋಜಿಗೆಂದು ತರಿಸಿದ್ದ ತೇಗದ ಹಾಯಿದೋಣಿ. ಒಳಗೆ ಕೋಳಿ ಕಾವು ಕೂತಿತ್ತು. ಹಳೆ ಮರ ಕೊಳ್ಳುವವರಿಗೆ ಒಂದು ಮಾತು ಹೇಳುತ್ತೇನೆ: ಬಣ್ಣ ನೋಡಬೇಡಿ, ಮೊಳೆ ಹೊಡೆದ ಜಾಗದಲ್ಲಿ ಚಾಕು ಚುಚ್ಚಿ ನೋಡಿ. ನಾನು ಚುಚ್ಚಿದೆ. ಹಿಂಬದಿಯ ತುದಿ ಬಿಟ್ಟರೆ ಉಳಿದದ್ದೆಲ್ಲ ಕಬ್ಬಿಣದಂಥ ಮರ. ಮುಖ ಸಣ್ಣ ಮಾಡಿಕೊಂಡು ಕೊಳೆತ ತುದಿಯನ್ನೇ ತೋರಿಸುತ್ತ ನಿಂತೆ. ಉರುವಲಿನ ದರಕ್ಕೆ ಕೊಟ್ಟರು.

ಹೊಳೆ ದಂಡೆಗೆ ತಂದು ಹಾಕಿದ ಮೇಲೆ ರಾಮಸಮುದ್ರದ ಬಡಿಗೇರ ಮೋನಪ್ಪ ದುರಸ್ತಿಗೆ ಕೂತ. ಸಂದುಗಳಿಗೆ ಪುಂಡಿನಾರು ತುರುಕಿ ರಾಳ ಹೊಯ್ದ. ಹರಿದ ಡೇರೆಯ ಬಟ್ಟೆ ಹೊಲಿದು ಹಾಯಿ ಮಾಡಿದೆವು. ಕೊಳೆತ ತುದಿ ಕೊಯ್ದು, ಅಲ್ಲಿಗೇ ಅಡ್ಡ ಹಲಗೆ ಕೂಡಿಸಿ ಮುಚ್ಚಿದ. ಎಡವಟ್ಟಾದದ್ದು ಅಲ್ಲೇ. ಸಂಜೆ ತನಿಖೆಗೆ ಬಂದ ಓವರ್‌ಸಿಯರ್ ಸಾಹೇಬರು ಟೇಪು ಹಿಡಿದರೆ, ಸರ್ಕಾರ ಗೊತ್ತುಮಾಡಿದ ಉದ್ದಕ್ಕೆ ಒಂದು ಗೇಣು ಕಡಿಮೆ! ಮತ್ತೆ ಹಿಡಿಸಿದೆ, ಕಾಡಿದೆ, ಬೇಡಿದೆ.

“ಎಳದ್ರ ಉದ್ದ ಆಗಾಕ ಇದೇನ್ ನಿಮ್ಮ ಉಣ್ಣೀನ್ರಿ?” ಎಂದು ನಕ್ಕರು. ಬೆಳಿಗ್ಗೆ ನಾಮಂಜೂರು ಎಂದು ಬರೆಯುವುದಾಗಿ ಹೇಳಿ, ಹಿಂಬದಿಯ ಅಂಚಿನಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ ಹೋದರು.

ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಅವ್ವ ಬಂದಳು. ಸೆರಗಿನಲ್ಲಿ ಅಕ್ಕಿ, ಒಣಕೊಬ್ಬರಿ, ರವಿಕೆಗಾಗುವಷ್ಟು ಒಂದು ಕುಬಸದ ಕಣ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಉಡಿ ತುಂಬುತ್ತೇವಲ್ಲ, ಹಾಗೆ ದೋಣಿಗೂ ತುಂಬಬೇಕಂತೆ.

“ಇದು ನಾಳಿ ತಿರುಗಿ ಮನಿಗೇ ಬರೂದೈತಿ. ಯಾಕಬೇ ಉಡಿ?” ಅಂದೆ.

“ಬರ್ಲಿ, ಹೋಗ್ಲಿ. ಬರೇ ಉಡೀಲೆ ಹೊಳಿ ತೋರಸಬ್ಯಾಡ. ನೀ ಅಳದದ್ದು ಸಾಕು, ಸರಿ ಅತ್ಲಾಗ!”

ಮೋನಪ್ಪ ಕಿಸಕ್ಕನೆ ನಕ್ಕ. ಅವ್ವ ದೋಣಿಗೆ ಅರಿಶಿನ ಕುಂಕುಮ ಹಚ್ಚಿ, ಅಕ್ಕಿ ಸುರಿದು, ಕುಬಸ ಹೊದಿಸಿ ಮನೆಗೆ ಹೋದಳು.

ಬೆಳಿಗ್ಗೆ ಹಳೆಯ ಗುತ್ತಿಗೆದಾರ ನನ್ನ ಸೋಲು ತೋರಿಸಲು ಮಂದಿಯನ್ನೇ ಕರೆತಂದಿದ್ದ. “ಸಾಹೇಬ್ರ, ಎಲ್ಲಾರ ಮುಂದ ಇನ್ನೊಮ್ಮಿ ಅಳೀರಿ. ಆಮ್ಯಾಲ ಈ ಕುರಿ ಕಾಯಾಂವ ಮೋಸ ಆತು ಅಂತ ಬಾಯಿ ಮಾಡಬಾರದು ನೋಡ್ರಿ,” ಎಂದು ಟೇಪಿನ ಒಂದು ತುದಿಯನ್ನು ತಾನೇ ಹಿಡಿದ. ಸಾಹೇಬರು ಇನ್ನೊಂದು ತುದಿಗೆ ಬಗ್ಗಿದರು, ಎದ್ದು ಕನ್ನಡಕ ಒರೆಸಿಕೊಂಡರು, ಮತ್ತೆ ಬಗ್ಗಿದರು. ಉದ್ದ ಸರಿಯಾಗಿತ್ತು! ತುದಿ ಅದಲುಬದಲು ಮಾಡಿ ಹಿಡಿದರೂ ಅಷ್ಟೇ. ರಾತ್ರಿ ಹಲಗೆ ಬಡಿದಿದ್ದಾರೆಂದು ಗುತ್ತಿಗೆದಾರ ಕೂಗಾಡಿದ. ಸಾಹೇಬರು ಉಗುರಿನಿಂದ ಕೆರೆದು ನೋಡಿದರು. ಸಂಜೆ ಇದ್ದದ್ದರ ಮೇಲೆ ಒಂದು ಮೊಳೆ ಹೆಚ್ಚಿಲ್ಲ. ಅವರ ಸೀಮೆಸುಣ್ಣದ ಗುರುತು ಅಂಚಿನಲ್ಲೇ ಇತ್ತು.

“ಮಂಜೂರ್,” ಅಂದರು, ನನ್ನ ಮುಖ ನೋಡದೆ.

ಮಧ್ಯಾಹ್ನವೇ ದೋಣಿ ನೀರಿಗಿಳಿಸಿದೆವು. ಮುಂದೆ ಅವ್ವ, ಅವಳ ಹಿಂದೆ ಕುರಿಗಳು. ಹಾಯಿ ಗಾಳಿ ಹಿಡಿದು ಉಬ್ಬಿತು, ದಂಡೆಯ ಕುರಿಗಾರರು ಕೇಕೆ ಹಾಕಿದರು. ಆ ಹೊತ್ತಿನಲ್ಲಿ ಸುರಪುರದ ದೊರೆ ಎದುರಿಗೆ ಬಂದಿದ್ದರೂ ಸ್ವಲ್ಪ ಸರೀರಿ ಅನ್ನುತ್ತಿದ್ದೆ.

ಆಚೆ ದಂಡೆಗೆ ಎಳೆದು ನಿಲ್ಲಿಸಿದ ಮೇಲೆ ಮೋನಪ್ಪ ತನ್ನ ಹಗ್ಗ ಹಿಡಿದು ಅಳೆದ. ನನ್ನನ್ನು ಪಕ್ಕಕ್ಕೆ ಕರೆದು, “ಸಾವ್ಕಾರ್ರ, ಮತ್ತ ಗೇಣು ಕಮ್ಮಿ ಐತ್ರಿ,” ಅಂದ. ನಾನೇ ಅಳೆದೆ. ನಿಜ. ರಾತ್ರಿಯ ತಂಪಿಗೆ ಮರ ಉಬ್ಬಿತ್ತೇನೋ ಅಂದೆ. “ಹಲಗಿ ಉಬ್ಬಿದ್ರ ಅಗಲ ಆಗತೈತಿ, ಉದ್ದ ಬೆಳಿಯೂದಿಲ್ರಿ. ನನಗೂ ತಲಿ ಓಡವಲ್ದು,” ಎಂದು ಹಗ್ಗ ಸುತ್ತಿಕೊಂಡ.

ಆಮೇಲೆ ಬೇರೆ ಬೇರೆ ಟೇಪು ತಂದು ಅಳೆದಿದ್ದೇನೆ. ಯಾವಾಗಲೂ ಗೇಣು ಕಡಿಮೆಯೇ. ಟೇಪು ತಪ್ಪಿರಬೇಕು ಎನ್ನುತ್ತೀರಿ; ಎರಡು ಹೊತ್ತಿನಲ್ಲೂ ಅದೇ ಟೇಪು, ಅದೇ ಸಾಹೇಬರು, ತುದಿ ಹಿಡಿದವನಂತೂ ನನ್ನ ವೈರಿ. ಉಡಿಯ ಮಹಿಮೆ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಮತ್ತೇನು ಎಂದರೆ ಅದೂ ಗೊತ್ತಿಲ್ಲ.

ಇದು ಹೇಗಾಯಿತೆಂದು ಅವತ್ತು ದಂಡೆಯಲ್ಲೇ ಅವ್ವನನ್ನು ಕೇಳಿದ್ದೆ. ಅವಳು ಮರಿಯೊಂದನ್ನು ಕೆಳಗಿಳಿಸುತ್ತ, “ಎಲ್ಲಾ ದಾಟ್ಯಾವಿಲ್ಲೋ? ಮತ್ತೇನ್ ಬೇಕೋ ನಿನಗ?” ಎಂದು ಕುರಿಗಳ ಹಿಂದೆ ದಿಬ್ಬ ಹತ್ತಿ ಹೋದಳು.